ಕರ್ನಾಟಕದಲ್ಲಿ ಟೆನಿಸ್ ತರಬೇತಿ: ಆಟಗಾರರು ಗುರುಗಳಾದ ಚರಿತ್ರೆ

ಪಂದ್ಯ ಆಡಿ ಬದುಕಿದ ಆಟಗಾರ ಮುಂದೆ ಕಲಿಸುವ ಕೆಲಸಕ್ಕೆ ಇಳಿಯುವುದು ಕುಸ್ತಿಯಲ್ಲಿ ಹಳೆಯ ಪದ್ಧತಿ, ಟೆನಿಸ್‌ನಲ್ಲಿ ಬಹಳ ತಡವಾಗಿ ಬಂದದ್ದು. ಯಾದಗಿರಿ, ಶಹಾಪುರ, ಸುರಪುರದ ಕಡೆ ಗರಡಿ ಮನೆಯಲ್ಲಿ ಪಟ್ಟು ಹೇಳಿಕೊಡುವವನನ್ನು ವಸ್ತಾದ ಎನ್ನುತ್ತಾರೆ. ಒಂದು ಕಾಲಕ್ಕೆ ಕಣದಲ್ಲಿ ಮಣ್ಣು ಮುಕ್ಕಿ, ಮುಕ್ಕಿಸಿ ಬಂದವನೇ ವಸ್ತಾದನಾಗಬೇಕು. ತಾನು ಹಿಡಿಯದ ಪಟ್ಟನ್ನು ಶಿಷ್ಯನಿಗೆ ಹೇಳುವವನನ್ನು ಅಲ್ಲಿ ಯಾರೂ ನಂಬುವುದಿಲ್ಲ. ಕರ್ನಾಟಕದ ಟೆನಿಸ್‌ಗೆ ಇಂಥ ವಸ್ತಾದರು ಸಿಕ್ಕಿದ್ದು ಹೆಚ್ಚುಕಡಿಮೆ ಕಳೆದ ಮೂರು ದಶಕಗಳಲ್ಲಿ. ಅವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ನೆಲೆ ನಿಂತವರು.

ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಅಲ್ಲಿನ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡಿದ್ದ. ಇಂಗ್ಲಿಷರಿದ್ದ ಕಡೆಯಲ್ಲೆಲ್ಲ ಟೆನಿಸ್ ಇತ್ತೆಂದುಕೊಳ್ಳುವವರು ಇಲ್ಲಿ ಮೋಸ ಹೋಗುತ್ತಾರೆ. ಹುಲ್ಲಿನ ಮೇಲೆ ಆಡುವ ಈ ಆಟಕ್ಕೆ ಮೇಜರ್ ವಿಂಗ್‌ಫೀಲ್ಡ್ ಲಂಡನ್ನಿನಲ್ಲಿ ಹಕ್ಕುಪತ್ರ ಪಡೆದದ್ದು 1874ರಲ್ಲಿ. ಅಷ್ಟರಲ್ಲಿ ಟೇಲರ್ ಸುರಪುರ ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು.

ಮಾರ್ಕರ್‌ಗಳ ಕಾಲ

ಆಮೇಲೆ ದಂಡುಪ್ರದೇಶಗಳ, ರಾಜಧಾನಿಗಳ ಕ್ಲಬ್ಬುಗಳಿಗೆ ಟೆನಿಸ್ ಬಂತು. ಜೊತೆಗೆ ಒಂದು ಹುದ್ದೆಯೂ ಹುಟ್ಟಿತು: ಮಾರ್ಕರ್. ಅಂಕಣಕ್ಕೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಜೊತೆ ಆಟಗಾರ ಬರದ ಸಂಜೆ ಸದಸ್ಯರಿಗೆ ಎದುರು ನಿಂತು ಚೆಂಡು ಹೊಡೆದುಕೊಡುವವನು. ಹೆಚ್ಚಿನವರು ಚಿಕ್ಕಂದಿನಲ್ಲಿ ಚೆಂಡು ಹೆಕ್ಕಲು ಸೇರಿಕೊಂಡು, ನೋಡಿ ನೋಡಿಯೇ ಆಟ ಕಲಿತವರು. ಎಷ್ಟೋ ಮಾರ್ಕರ್‌ಗಳು ಸದಸ್ಯರಿಗಿಂತ ಚೆನ್ನಾಗಿ ಆಡುತ್ತಿದ್ದರು. ಆದರೂ ಪಂದ್ಯಾವಳಿಯ ಪಟ್ಟಿಯಲ್ಲಿ ಅವರ ಹೆಸರು ಬರುತ್ತಿರಲಿಲ್ಲ.

ಇದಕ್ಕೆ ಜಾತಿ, ವರ್ಗಗಳ ಜೊತೆಗೆ ಆಟದ ಕಾನೂನೂ ಕಾರಣ. ಕಲಿಸಿ ಕಾಸು ಪಡೆದವನು ವೃತ್ತಿಪರ, ವೃತ್ತಿಪರನಿಗೆ ವಿಂಬಲ್ಡನ್‌ನಂಥ ಅಂಗಳಗಳಿಗೆ ಪ್ರವೇಶವಿಲ್ಲ ಎಂಬ ನಿಯಮ 1968ರವರೆಗೂ ಇತ್ತು. ಆಡುವವನು ಕಲಿಸುವಂತಿಲ್ಲ, ಕಲಿಸುವವನು ಆಡುವಂತಿಲ್ಲ. ನಾಯಕತ್ವದಲ್ಲಿ ಆಸ್ಟ್ರೇಲಿಯಾಕ್ಕೆ 16 ಡೇವಿಸ್ ಕಪ್ ತಂದುಕೊಟ್ಟ ಹ್ಯಾರಿ ಹಾಪ್‌ಮನ್‌ನಂಥ ಗುರುವೂ ಪತ್ರಿಕೆಗೆ ಬರೆದು ಜೀವನ ಸಾಗಿಸಬೇಕಾಯಿತು. 1968ರಲ್ಲಿ ಬೇಲಿ ಕಿತ್ತ ಮೇಲೆಯೇ ಆಟ ಮತ್ತು ಪಾಠ ಒಂದೇ ವೃತ್ತಿಯ ಎರಡು ಮಗ್ಗುಲಾದವು.

ಬೆಂಗಳೂರಿನ ಗುರುಗಳು

ಭಾರತದ ಮಟ್ಟಿಗೆ ಈ ದಾರಿಯ ದೊಡ್ಡ ಹೆಸರು ಅಖ್ತರ್ ಅಲಿ. ಡೇವಿಸ್ ಕಪ್ ಆಡಿ, ಬಳಿಕ ಭಾರತ ತಂಡವನ್ನು ತಿದ್ದಿದವರು, 2021ರಲ್ಲಿ ತೀರಿಕೊಂಡರು. ಕೋಲ್ಕತ್ತದ ಈ ಮನೆತನವನ್ನು ಬೆಂಗಳೂರಿಗೆ ಜೋಡಿಸಿದವರು ಅವರ ಮಗ ಜೀಶನ್ ಅಲಿ. ಜೀಶನ್ 1988ರಲ್ಲಿ ವಿಶ್ವ ಶ್ರೇಯಾಂಕದಲ್ಲಿ 126ರವರೆಗೆ ಏರಿದರು. 64 ವರ್ಷಗಳ ಬಳಿಕ ಟೆನಿಸ್ ಒಲಿಂಪಿಕ್ಸ್‌ಗೆ ಮರಳಿದ ಅದೇ ವರ್ಷದ ಸೋಲ್ ಕೂಟದಲ್ಲಿ ಆಡಿ ಒಂದು ಸುತ್ತು ಗೆದ್ದರು. ಬೆನ್ನಿನ ತೊಂದರೆ ಆಟವನ್ನು ಬೇಗ ನಿಲ್ಲಿಸಿತು. ಮುಂದೆ ಬೆಂಗಳೂರಿನಲ್ಲಿ ಮಕ್ಕಳಿಗೆ ಕಲಿಸಿದರು, 2013ರಿಂದ 2024ರವರೆಗೆ ಡೇವಿಸ್ ಕಪ್ ತಂಡದ ತರಬೇತುದಾರರಾಗಿದ್ದರು. 2014ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು.

ಅದೇ 2014ರ ಸೆಪ್ಟೆಂಬರಿನಲ್ಲಿ ಕಬ್ಬನ್ ಪಾರ್ಕಿನ ರಾಜ್ಯ ಟೆನಿಸ್ ಸಂಸ್ಥೆಯ ಅಂಗಳಕ್ಕೆ ಡೇವಿಸ್ ಕಪ್ ಆಡಲು ಸರ್ಬಿಯಾ ಬಂದಿತ್ತು. ಮೊದಲ ದಿನ ಭಾರತ ಎರಡೂ ಸಿಂಗಲ್ಸ್ ಸೋತಿತು. ಮಾರನೆಯ ದಿನ ಲಿಯಾಂಡರ್ ಪೇಸ್ ಮತ್ತು ರೋಹನ್ ಬೋಪಣ್ಣ ಡಬಲ್ಸ್‌ನಲ್ಲಿ 1–6, 6–7 ಹಿಂದೆ ಬಿದ್ದು, ಉಳಿದ ಮೂರು ಸೆಟ್‌ಗಳನ್ನು 6–3, 6–3, 8–6ರಿಂದ ಕಿತ್ತುಕೊಂಡರು. ಸೋಮದೇವ್ ದೇವವರ್ಮನ್ 2–2 ಮಾಡಿದರು. ಮಳೆ ಬಂದು ಕೊನೆಯ ಪಂದ್ಯ ಸೋಮವಾರಕ್ಕೆ ಹೋಯಿತು, ಭಾರತ 2–3ರಿಂದ ಸೋತಿತು. ಡೇವಿಸ್ ಕಪ್‌ನಲ್ಲಿ ನಾಯಕನಿಗೆ ಅಂಕಣದೊಳಗೇ ಕುರ್ಚಿ ಇರುತ್ತದೆ, ಬದಿ ಬದಲಿಸುವಾಗ ಆಟಗಾರನ ಕಿವಿಯಲ್ಲಿ ನಾಲ್ಕು ಮಾತು ಹೇಳಬಹುದು. ಉಳಿದ ಪಂದ್ಯಾವಳಿಗಳಲ್ಲಿ ಬಹುಕಾಲ ಗುರುವಿನ ಬಾಯಿಗೆ ಬೀಗ. ಕುಳಿತಲ್ಲಿಂದ ಸಲಹೆ ಕೊಡುವುದಕ್ಕೆ ಪುರುಷರ ವಿಭಾಗದಲ್ಲಿ 2022ರಲ್ಲಿ ಪ್ರಯೋಗವಾಗಿ ಅವಕಾಶ ಕೊಟ್ಟು, 2025ರಿಂದ ಅಂತರರಾಷ್ಟ್ರೀಯ ನಿಯಮಪುಸ್ತಕಕ್ಕೇ ಸೇರಿಸಿದರು.

ದೊಡ್ಡ ಆಟಗಾರನೇ ದೊಡ್ಡ ಗುರುವಾಗಬೇಕೆಂದಿಲ್ಲ ಎಂಬುದಕ್ಕೂ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಸಿ.ಜಿ. ಕೃಷ್ಣ ಭೂಪತಿ ಜಗತ್ತು ಸುತ್ತಿ ಪ್ರಶಸ್ತಿ ಗೆದ್ದವರಲ್ಲ. ಆದರೆ ಮಗ ಮಹೇಶ್ ಭೂಪತಿಯನ್ನು ರೂಪಿಸಿದವರು ಅವರೇ. ಮಹೇಶ್ 1997ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಗೆದ್ದು, ಗ್ರ್ಯಾಂಡ್‌ಸ್ಲಾಮ್ ಪಡೆದ ಮೊದಲ ಭಾರತೀಯರಾದರು. ಒಟ್ಟು 12 ಕಿರೀಟ. ತಮ್ಮ ಹೆಸರಿನಲ್ಲಿ ಅಕಾಡೆಮಿಗಳನ್ನು ನಡೆಸಿದ ಮೇಲೆ, 2017ರ ಏಪ್ರಿಲ್‌ನಲ್ಲಿ ಉಜ್ಬೇಕಿಸ್ತಾನದ ಎದುರು ಬೆಂಗಳೂರಿನಲ್ಲೇ ಆಡದ ನಾಯಕನಾಗಿ ಕುರ್ಚಿ ಹಿಡಿದರು. ಮೊದಲ ಕೆಲಸವೇ ಕಹಿ: ಒಂದು ಕಾಲದ ಜೊತೆಗಾರ ಪೇಸ್‌ರನ್ನು ಹೊರಗಿಟ್ಟು ಬೋಪಣ್ಣ ಮತ್ತು ಶ್ರೀರಾಮ್ ಬಾಲಾಜಿಯನ್ನು ಕಣಕ್ಕಿಳಿಸಿದರು. ಭಾರತ 4–1ರಿಂದ ಗೆದ್ದಿತು, ಆದರೆ ಪತ್ರಿಕೆಗಳಲ್ಲಿ ಗೆಲುವಿಗಿಂತ ಜಗಳವೇ ಹೆಚ್ಚು ಜಾಗ ತಿಂದಿತು. 2019ರಲ್ಲಿ, ಡೇವಿಸ್ ಕಪ್ ಪಂದ್ಯಕ್ಕೆ ಪಾಕಿಸ್ತಾನಕ್ಕೆ ಹೋಗಬೇಕೇ ಬೇಡವೇ ಎಂಬ ಗದ್ದಲದ ನಡುವೆ, ನಾಯಕತ್ವ ಅವರ ಕೈತಪ್ಪಿತು.

ರೋಹನ್ ಬೋಪಣ್ಣ

ಆಟ ಇನ್ನೂ ನಡೆಯುತ್ತಿರುವಾಗಲೇ ಕಲಿಸುವುದಕ್ಕೂ ಕೈಹಾಕಿದವರು ಕೊಡಗಿನ ಕಾಫಿ ಬೆಳೆಗಾರ ಕುಟುಂಬದ ರೋಹನ್ ಬೋಪಣ್ಣ. ಹುಟ್ಟಿದ್ದು 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ. ಪುಣೆಯಲ್ಲಿ ಅವರನ್ನು ಪಳಗಿಸಿದ ನಂದನ್ ಬಾಳ್ ಸ್ವತಃ ಡೇವಿಸ್ ಕಪ್ ಆಡಿ ಗುರುವಾದವರು. ಆಮೇಲೆ ಬೆಂಗಳೂರಿನಲ್ಲಿ ಕೃಷ್ಣ ಭೂಪತಿ. ಹೀಗೆ ಎರಡು ಗುರುಮನೆಗಳ ಪಾಠ ಒಬ್ಬ ಶಿಷ್ಯನಲ್ಲಿ ಕೂಡಿತು.

2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್, 2017ರಲ್ಲಿ ಗೇಬ್ರಿಯೆಲಾ ಡಾಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಕಿರೀಟ. ಮೊಣಕಾಲಿನ ಮೃದ್ವಸ್ಥಿ ಸವೆದು ಹೋದಾಗ ಅಯ್ಯಂಗಾರ್ ಯೋಗಕ್ಕೆ ಮೊರೆಹೋದರು. 43ನೆಯ ವಯಸ್ಸಿನಲ್ಲಿ, 2024ರ ಜನವರಿ 27ರಂದು, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒಂದು ಆದರು. ಆ ವರ್ಷವೇ ಪದ್ಮಶ್ರೀ. 2025ರ ನವೆಂಬರ್ 1ರಂದು ನಿವೃತ್ತಿ ಘೋಷಿಸಿದರು.

ಬೆಂಗಳೂರಿನ ಅವರ ಅಕಾಡೆಮಿ ಇದಕ್ಕೂ ಎಷ್ಟೋ ಮೊದಲು ಶುರುವಾಗಿತ್ತು. ‘ಡಬಲ್ಸ್ ಡ್ರೀಮ್ ಆಫ್ ಇಂಡಿಯಾ’ ಎಂಬ ಯೋಜನೆಯಲ್ಲಿ ಭಾರತದ ಡಬಲ್ಸ್ ಆಟಗಾರರಿಗೆ ತರಬೇತುದಾರ, ಫಿಸಿಯೋಗಳ ನೆರವು ಸಿಗುವಂತೆ ಮಾಡಿದರು. ಸಿಂಗಲ್ಸ್‌ನ ಅಗ್ರ ಆಟಗಾರ ಸ್ವಂತ ತಂಡ ಕಟ್ಟಿಕೊಳ್ಳಬಲ್ಲ. ಶ್ರೇಯಾಂಕ ನೂರರ ಆಚೆ ಈಚೆ ಇರುವ ಡಬಲ್ಸ್ ಆಟಗಾರನಿಗೆ ವಿಮಾನದ ಟಿಕೆಟ್ಟೇ ಭಾರ. ಅದನ್ನು ಉಂಡು ಬಲ್ಲವರು ಬೋಪಣ್ಣ.

ಡಬಲ್ಸ್‌ನ ಪಾಠ ಹೆಚ್ಚಾಗಿ ಕಾಲು, ಕಣ್ಣು, ಬೆನ್ನ ಹಿಂದಿನ ಕೈಗೆ ಸಂಬಂಧಿಸಿದ್ದು. ನೆಟ್ ಹತ್ತಿರ ಬಗ್ಗಿ ನಿಂತವನು ಎದುರಾಳಿಗೆ ಕಾಣದಂತೆ ಸೊಂಟದ ಹಿಂದೆ ಬೆರಳು ಚಾಚುತ್ತಾನೆ: ಸರ್ವ್ ಎತ್ತ ಬೀಳಬೇಕು, ಬಿದ್ದ ಮೇಲೆ ತಾನು ಅಡ್ಡ ಹಾಯುತ್ತೇನೋ ನಿಂತಲ್ಲೇ ನಿಲ್ಲುತ್ತೇನೋ ಎಂಬ ಸಂಜ್ಞೆ. ಬೆರಳಿನ ಗುಟ್ಟು ಯಾರಾದರೂ ಹೇಳಿಕೊಡಬಹುದು. ಅಡ್ಡ ಹಾಯುವ ಹೆಜ್ಜೆಯನ್ನು ಯಾವ ಕ್ಷಣ ಎತ್ತಬೇಕೆಂಬುದನ್ನು ಸಾವಿರ ಸಲ ತಪ್ಪು ಮಾಡಿದವನೇ ಹೇಳಬೇಕು. 2003ರ ಫ್ರೆಂಚ್ ಚಾಂಪಿಯನ್ ಹ್ವಾನ್ ಕಾರ್ಲೋಸ್ ಫೆರೆರೊ 2018ರಿಂದ ಕಾರ್ಲೋಸ್ ಅಲ್ಕರಾಜ್‌ಗೆ ಕಲಿಸಿ 2025ರವರೆಗೆ ಆರು ಗ್ರ್ಯಾಂಡ್‌ಸ್ಲಾಮ್ ಕಂಡಾಗ ಜಗತ್ತು ಮೆಚ್ಚಿದ್ದೂ ಈ ಬಗೆಯ ಅನುಭವವನ್ನೇ.

ಕಲ್ಯಾಣ ಕರ್ನಾಟಕ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಕಲಬುರಗಿಯಿಂದ ಬೇರ್ಪಟ್ಟು ಸ್ವಂತ ಜಿಲ್ಲೆಯಾದವು. ಈ ಸೀಮೆಯ ಮೈಗೆ ಹತ್ತಿದ ಆಟ ಬೇರೆ. ಕುಸ್ತಿ, ಕಬಡ್ಡಿ, ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಮೇಲಿಂದ ನೀರು ಸುರಿಯುತ್ತಿದ್ದರೂ ಜಾರುವ ಕಂಬ ಏರುವ ಹುಡುಗರ ಪೈಪೋಟಿ. ಹಿಡಿತ, ತೊಡೆಯ ಬಲ, ಜಾರಿದರೆ ಮತ್ತೆ ಏರುವ ಹಟ ಅಲ್ಲಿ ಧಾರಾಳ. ಟೆನಿಸ್ ಅಂಕಣ, ರ‍್ಯಾಕೆಟ್, ದಿನವೂ ಹೊಸ ಚೆಂಡು ಮಾತ್ರ ದುಬಾರಿ.

ಈ ಭಾಗದ ಜನರಿಗೆ ಅಂತರರಾಷ್ಟ್ರೀಯ ಟೆನಿಸ್ ಕಣ್ಣೆದುರಿಗೆ ಕಂಡದ್ದು ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ. ಅಲ್ಲಿ 2023ರಲ್ಲಿ ನಡೆದ ಪುರುಷರ ಪಂದ್ಯಾವಳಿಯ ಫೈನಲ್‌ನಲ್ಲಿ ಚೆನ್ನೈನ ರಾಮ್‌ಕುಮಾರ್ ರಾಮನಾಥನ್ ಆಸ್ಟ್ರಿಯಾದ ಡೇವಿಡ್ ಪಿಶ್ಲರ್‌ನನ್ನು ಎರಡೂ ಸೆಟ್ ಟೈಬ್ರೇಕರ್‌ಗೆ ಎಳೆದು ಸೋಲಿಸಿದರು. ಇಂಥ ಕೆಳ ಹಂತದ ಕೂಟಗಳಿಗೆ ಬರುವವರಲ್ಲಿ ಹಲವರಿಗೆ ಗುರುವನ್ನು ಜೊತೆಗೆ ಕರೆತರುವಷ್ಟು ಹಣವಿರುವುದಿಲ್ಲ. ಬೆಳಗಿನ ಅಭ್ಯಾಸಕ್ಕೆ ಮಧ್ಯಾಹ್ನದ ಎದುರಾಳಿಯೇ ಆಚೆ ನಿಂತು ಚೆಂಡು ಹೊಡೆದುಕೊಡುತ್ತಾನೆ.