ಮೇಷ್ಟರಿಗೊಂದು ಮಾಸಪತ್ರಿಕೆ

ಮುಂಬೈ ಕರ್ನಾಟಕದಲ್ಲಿ ಶಾಲಾ ಮಾಸ್ತರರನ್ನು ತಿದ್ದಿದ್ದು ಸರ್ಕಾರದ ತಪಾಸಣೆಯೇ ಎಂಬ ಮಾತು ಅರ್ಧಸತ್ಯ. ಅಯ್ಯಗಳ ಮಠದಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತೀಡಿ, ಒಕ್ಕೊರಲಿನಿಂದ ಮಗ್ಗಿ ಹೇಳುತ್ತ ಬೆಳೆದವರೇ ಮುಂದೆ ಮಾಸ್ತರರಾದಾಗ, ಅಚ್ಚಿನ ಪುಸ್ತಕದಿಂದ ಪಾಠ ಹೇಳುವುದು ಅವರಿಗೆ ಹೊಸ ಕಸುಬು. ಅದನ್ನು ಕಲಿಯಲು ಕನ್ನಡದಲ್ಲೇ ಓದು ಬೇಕಿತ್ತು. ಆದರೆ ಶಾಲೆಗಳಲ್ಲಿ ಮರಾಠಿ ಮೆರೆಯುತ್ತಿದ್ದ ಕಾಲವದು. ಆ ಕೊರತೆ ತುಂಬಲು 1865ರಲ್ಲಿ ‘ಮಠಪತ್ರಿಕೆ’ ಹೊರಟಿತು. ಅದರ ಹಿಂದೆ ದುಡಿದವರು ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು. ಶಾಲೆಗೆ ‘ಮಠ’ ಎಂಬ ಹಳೆಯ ಹೆಸರನ್ನೇ ಉಳಿಸಿಕೊಂಡದ್ದು ನನಗೆ ಬಲು ಹಿಡಿಸುತ್ತದೆ.

ಅದೂ ಇಲಾಖೆಯ ಪತ್ರಿಕೆಯೇ ತಾನೆ ಎನ್ನಬಹುದು. ನಿಜ. ಆದರೆ ತಪಾಸಣೆಗೆ ಬಂದ ಸಾಹೇಬ ತಪ್ಪು ತೋರಿಸಿ ಹೊರಟುಹೋಗುತ್ತಾನೆ. ಪತ್ರಿಕೆ ಮಾಸ್ತರನ ಕೈಯಲ್ಲೇ ಉಳಿಯುತ್ತದೆ, ಮತ್ತೆ ಓದಿಸಿಕೊಳ್ಳುತ್ತದೆ. ಅದೇ ಪತ್ರಿಕೆ ಮುಂದೆ ‘ಜೀವನ ಶಿಕ್ಷಣ’ವೆಂಬ ಹೆಸರಿನಲ್ಲಿ ಧಾರವಾಡದಿಂದ ಶಿಕ್ಷಕರ ಕೈಸೇರುತ್ತ ಬಂದಿದೆ.