ಎತ್ತಿಗೆ ಸೋಮವಾರ, ನಮಗೆ ಭಾನುವಾರ, ಅಮ್ಮನಿಗೆ?

ಭಾನುವಾರ ಬೆಳಗ್ಗೆ ಹತ್ತೂವರೆಗೆ ಕಡೂರಿನ ಯಾವುದಾದ್ರೂ ಒಳ್ಳೇ ದೋಸೆ ಹೋಟೆಲಿಗೆ ಹೋಗಿ ನೋಡಿ. ಸೀಟು ಸಿಗಲ್ಲ. ತಿಂತಿರೋರ ಪಕ್ಕದಲ್ಲೇ ನಿಂತ್ಕೊಂಡು, ಇವರು ಯಾವಾಗ ಕೈ ತೊಳೀತಾರೋ ಅಂತ ಕಾಯ್ಬೇಕು. ತರೀಕೆರೆ, ಅಜ್ಜಂಪುರದಲ್ಲೂ ಅದೇ ಕಥೆ. ತಿಂಡಿಗೆ ಲೇಟು, ಊಟಕ್ಕೆ ಬೇಗ. ಬೆಂಗಳೂರಲ್ಲಿ ಇದಕ್ಕೆ ಬ್ರಂಚ್ ಅಂತಾರೆ. ನಮ್ಮ ಕಡೆ ಹೆಸರೇ ಇಲ್ಲ, ‘ಇವತ್ತು ಭಾನುವಾರ ಅಲ್ವಾ, ತಿಂಡಿ ಲೇಟು’ ಅಂದ್ರೆ ಮುಗೀತು.

ಬ್ರಂಚ್ ಅನ್ನೋ ಪದಕ್ಕೊಂದು ಹುಟ್ಟಿದ ವರ್ಷ ಇದೆ. 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಅನ್ನೋ ಲೇಖಕ ಒಂದು ಪತ್ರಿಕೆಯಲ್ಲಿ ಇದರ ಪರ ವಾದ ಮಾಡಿ ಬರೆದ. ಶನಿವಾರ ರಾತ್ರಿ ಲೇಟಾಗಿ ಮಲಗೋರಿಗೆ ಭಾನುವಾರ ಬೇಗ ಏಳೋ ಕಷ್ಟ ಯಾಕೆ, ಎರಡು ಊಟ ಸೇರಿಸಿ ಒಂದು ಮಾಡಿ ಅಂತ. ಆದ್ರೆ ಲೇಟಾಗಿ ತಿನ್ನೋಕೆ ಮೊದಲು ರಜೆ ಬೇಕಲ್ವಾ? ನಮ್ಮೂರಿಗೆ ಆ ರಜೆ ಎಲ್ಲಿಂದ ಬಂತು?

ನಮ್ಮಜ್ಜನ್ನ ಕೇಳಿದ್ರೆ ವಾರದ ರಜೆ ಅಂದ್ರೆ ಸೋಮವಾರ. ಅದೂ ಅವರಿಗಲ್ಲ, ಎತ್ತಿಗೆ! ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡಬಾರದು. ನಮ್ಮ ಕಡೆ ಎಷ್ಟೋ ಹಳ್ಳಿಗಳಲ್ಲಿ ಈ ಪದ್ಧತಿ ಇತ್ತು, ಎತ್ತು ಇರೋ ಮನೆಗಳಲ್ಲಿ ಈಗಲೂ ಇದೆ. ಅಜ್ಜಂಪುರದವರಿಗಂತೂ ಎತ್ತಿನ ಬೆಲೆ ಹೇಳ್ಕೊಡಬೇಕಿಲ್ಲ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನ್ ಅಮೃತ ಮಹಲ್ ಅಂತ ಹೆಸರಿಟ್ಟ. ಅದೇ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರ ಇರೋದು ಅಜ್ಜಂಪುರದಲ್ಲಿ. ಸೈನ್ಯದ ತೋಪು ಎಳೆದ ತಳಿ ಅದು.

ಉಳಿದ ದಿನ ಏನು? ಕತ್ತಲಲ್ಲೇ ಹೊಲಕ್ಕೆ ಹೋದವರಿಗೆ ಹತ್ತು-ಹನ್ನೊಂದಕ್ಕೆ ಬುತ್ತಿ ಬರೋದು. ರೊಟ್ಟಿ, ಚಟ್ನಿ, ಮಜ್ಜಿಗೆ. ಟೈಮ್ ನೋಡಿದ್ರೆ ಪಕ್ಕಾ ಬ್ರಂಚ್! ಅದನ್ನ ತಲೆ ಮೇಲೆ ಹೊತ್ಕೊಂಡು ಬರ್ತಿದ್ದದ್ದು ಅಜ್ಜಿ. ಈ ಅಜ್ಜಿಯನ್ನ ನೆನಪಿಟ್ಕೊಳ್ಳಿ, ಮತ್ತೆ ಬರ್ತಾರೆ.

ಈಗ ಭಾನುವಾರ. ಬಾಂಬೆಯ ಹತ್ತಿ ಗಿರಣಿಗಳಲ್ಲಿ ವಾರಕ್ಕೊಂದು ರಜೆಯೂ ಇಲ್ಲದೆ ಕೆಲಸ ಮಾಡ್ತಿದ್ದವರ ಪರ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ್ರು. 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆ ಒಪ್ಕೊಂಡ್ರು. ಅಂದ್ರೆ ಕೂಲಿಯವರಿಗೆ ಭಾನುವಾರ ಪುಕ್ಕಟೆ ಸಿಕ್ಕಿದ್ದಲ್ಲ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ನಮ್ಮ ಕಡೆ ರೈಲು ಬಂತು. ಗುಬ್ಬಿಯಿಂದ ಕಡೂರು, ಬೀರೂರು, ಅಜ್ಜಂಪುರ ದಾಟಿ ಹರಿಹರದ ತನಕ 1889ರಲ್ಲಿ. ಬೀರೂರಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ 1899ರಲ್ಲಿ. ರೈಲಿನ ಟೈಮು, ಕಚೇರಿಯ ಟೈಮು, ಸ್ಕೂಲ್ ಬೆಲ್ಲು. ಇವುಗಳ ಜೊತೆ ಭಾನುವಾರವೂ ಮನೆಯೊಳಗೆ ಬಂದು ಕೂತ್ಕೊಂತು. ಸಂಬಳದವರ ಮನೆಯಲ್ಲಿ ಮೊದಲು, ಹೊಲದವರ ಮನೆಯಲ್ಲಿ ಆಮೇಲೆ.

ರಜೆ ಸಿಕ್ತು, ಕೂರೋಕೆ ಜಾಗ? ದಕ್ಷಿಣ ಭಾರತದ ಎಷ್ಟೋ ಹಳೇ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಉಳಿದವರಿಗೆ ಬೇರೆ. ದಲಿತರಿಗೆ ಒಳಗೆ ಪ್ರವೇಶವೇ ಇಲ್ಲ, ಟೀ ಕೊಟ್ರೂ ಹೊರಗೆ ಬೇರೆ ಲೋಟದಲ್ಲಿ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಹೋಟೆಲನ್ನ ಹೆಸರಿಟ್ಟು ಹೇಳುತ್ತೆ: ಜಾತಿ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಸೇರಿಸ್ತು. ಕಾಗದದ ಮೇಲೆ ಬಂದಷ್ಟು ಬೇಗ ಟೇಬಲ್ ಮೇಲೆ ಬರ್ಲಿಲ್ಲ, ಅದು ನಿಮಗೂ ಗೊತ್ತು. ಆದ್ರೂ ಇವತ್ತು ಅಪರಿಚಿತರ ಪಕ್ಕ ಕೂತು ಒಂದೇ ಬಕೆಟ್ಟಿನ ಸಾಂಬಾರ್ ಹಾಕಿಸ್ಕೊಳ್ತೀವಲ್ಲ, ಅದರ ಹಿಂದೆ ಇಷ್ಟೆಲ್ಲಾ ಇದೆ.

ಈಗ ಮನೆಗೆ ಬರೋಣ. ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕೋ ಚಟ. ಹೋದ ತಿಂಗಳು ಒಂದು ಭಾನುವಾರ ಅಮ್ಮನ ಟೈಮ್ ಬರ್ಕೊಂಡೆ. ಶನಿವಾರ ಸಂಜೆಯೇ ದೋಸೆಗೆ ರುಬ್ಬಿದ್ದು ಬಿಡಿ. ಬೆಳಗ್ಗೆ ಆರಕ್ಕೆ ಎದ್ದದ್ದು. ನಾವು ಒಬ್ಬೊಬ್ಬರೇ ಕಣ್ಣುಜ್ಜಿಕೊಂಡು ಬಂದ ಹಾಗೆ ಬಿಸಿ ದೋಸೆ, ಕೊನೇ ದೋಸೆ ಹನ್ನೊಂದು ಗಂಟೆಗೆ. ಅಮ್ಮ ತಿಂದಿದ್ದು ಹನ್ನೊಂದೂಕಾಲಿಗೆ, ಸ್ಟೌ ಪಕ್ಕ ನಿಂತ್ಕೊಂಡು. ಆಮೇಲೆ ಮಟನ್ ಸಾರು, ಮುದ್ದೆ. ಪಾತ್ರೆ ತೊಳೆದು ಮುಗಿಸಿದ್ದು ಮೂರೂಮುಕ್ಕಾಲಿಗೆ. ವಾರದಲ್ಲಿ ಅತಿ ಹೆಚ್ಚು ಕೆಲಸ ಇರೋ ದಿನಕ್ಕೆ ನಾವು ರಜೆ ಅಂತ ಕರೀತಿದ್ವಿ.

ಇದು ನಮ್ಮ ಮನೆ ಒಂದರದ್ದೇ ಅಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ರು. ಆ ಕೆಲಸಕ್ಕೆ ಕೈ ಹಾಕೋ ಗಂಡಸರು 97 ನಿಮಿಷ. ಹೋಟೆಲಿನ ದೋಸೆ ಜಿಡಿಪಿ ಲೆಕ್ಕಕ್ಕೆ ಸೇರುತ್ತೆ, ಅಮ್ಮನ ದೋಸೆ ಸೇರಲ್ಲ. ಹೋಟೆಲಲ್ಲಿ ಬಡಿಸೋ ಹುಡುಗನಿಗೆ ವಾರಕ್ಕೊಂದು ರಜೆ ಕೊಡ್ಬೇಕು ಅಂತ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತೆ. ಎತ್ತಿಗೆ ಪದ್ಧತಿ ಇದೆ, ಕಾರ್ಮಿಕನಿಗೆ ಕಾಯ್ದೆ ಇದೆ. ಬುತ್ತಿ ಹೊತ್ತ ಅಜ್ಜಿಗೆ, ದೋಸೆ ಹುಯ್ಯೋ ಅಮ್ಮನಿಗೆ?

ಮುಂದಿನ ಭಾನುವಾರ ಅಮ್ಮನ್ನ ಹೋಟೆಲಿಗೆ ಕರ್ಕೊಂಡು ಹೋದೆ. ‘ಸುಮ್ನೆ ದುಡ್ಡು ದಂಡ’ ಅಂತ ದಾರಿಯುದ್ದಕ್ಕೂ ಗೊಣಗಿದ್ರು. ಖಾಲಿ ದೋಸೆ ತಿಂದು, ತಟ್ಟೆ ಎತ್ಕೊಂಡು ಎದ್ದೇ ಬಿಟ್ರು. ಸಪ್ಲೈಯರ್ ಓಡಿ ಬಂದು, ‘ಬಿಡಿ ಅಮ್ಮಾ, ನಾವ್ ತಗೀತೀವಿ’ ಅಂದ. ಅಮ್ಮ ಮತ್ತೆ ಕೂತು, ‘ಹಂಗಾದ್ರೆ ಒಂದು ಕಾಫಿ ಹೇಳು’ ಅಂದ್ರು. ಕಾಫಿ ಬಿಸಿ ಇದ್ದಾಗಲೇ ಅಮ್ಮ ಕುಡಿದಿದ್ದು ನಾನು ನೋಡಿದ್ದು ಅವತ್ತೇ.

ಪ್ರತಿ ವಾರ ಹೋಟೆಲಿಗೆ ಹೋಗೋಕೆ ನಮ್ಮ ಜೇಬಿಗೂ ಆಗಲ್ಲ. ಹಾಗಾಗಿ ಈಗ ಭಾನುವಾರ ತಿಂಡಿ ಅಪ್ಪಂದು, ಪಾತ್ರೆ ನಂದು. ಅಪ್ಪನಿಗೆ ಬರೋದು ಮಂಡಕ್ಕಿ ಒಗ್ಗರಣೆ ಒಂದೇ, ಅದರಲ್ಲೂ ಉಪ್ಪು ಜಾಸ್ತಿ. ಅಮ್ಮ ಕೂತ್ಕೊಂಡೇ ಅದಕ್ಕೆ ಬೈತಾರೆ.

ಈ ವಾರ ನಿಮ್ಮ ಮನೆಯಲ್ಲೂ ಟೈಮ್ ಬರ್ಕೊಳ್ಳಿ. ಕೊನೇ ದೋಸೆ ಎಷ್ಟೊತ್ತಿಗೆ, ಅದನ್ನ ಯಾರು, ಎಲ್ಲಿ ನಿಂತ್ಕೊಂಡು ತಿಂದ್ರು ಅಂತ ವಾಯ್ಸ್ ನೋಟಲ್ಲಿ ಹೇಳಿ, ಮುಂದಿನ ಎಪಿಸೋಡಲ್ಲಿ ಹಾಕ್ತೀನಿ. ಸಿಗೋಣ.