ಕಸ ತೆಗೆಯೋಕೂ ಜಾಗ ಬೇಕು

ಸರ್ವರ್ ನೋಡಿಕೊಳ್ಳೋರಿಗೆ ಇದು ಹೊಸದಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬಡ್ಕೊಳ್ಳುತ್ತೆ, ಅಪ್ಲಿಕೇಶನ್ ನಿಂತುಹೋಗಿದೆ ಅಂತಾರೆ. ಲಾಗಿನ್ ಆಗಿ ಡಿಎಫ್ ಕಮಾಂಡ್ ಕೊಟ್ರೆ ಯಾವುದೋ ಒಂದು ಪಾರ್ಟಿಶನ್ ನೂರಕ್ಕೆ ನೂರು ತುಂಬಿಕೊಂಡು ಕೂತಿರುತ್ತೆ. ಹಳೇ ಲಾಗ್ ಫೈಲು ನಾಲ್ಕು ಅಳಿಸಿ ಮತ್ತೆ ಮಲಗ್ತೀವಿ. ಕಂಪ್ಯೂಟರ್ ಕೆಲಸದಲ್ಲಿ ಇದಕ್ಕಿಂತ ಸಪ್ಪೆ ತೊಂದರೆ ಇನ್ನೊಂದಿಲ್ಲ ಅನ್ನಿಸುತ್ತೆ. ಆದ್ರೆ ಈ ಸಪ್ಪೆ ತೊಂದರೆಗೆ ಐವತ್ತು ವರ್ಷದ ಚರಿತ್ರೆ ಇದೆ. ನಾವು ದಿನಾ ಟೈಪ್ ಮಾಡೋ ಹೆಸರುಗಳಲ್ಲೇ ಅದರ ಗುರುತು ಉಳ್ಕೊಂಡಿದೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಗೆಳೆಯರು 1969ರಲ್ಲಿ ಯುನಿಕ್ಸ್ ಕಟ್ಟೋಕೆ ಶುರು ಮಾಡಿದ್ರು. 1974ರಲ್ಲಿ ಈ ಇಬ್ಬರು ಬರೆದ ಪ್ರಬಂಧದಲ್ಲಿ ತಮ್ಮ ಪಿಡಿಪಿ-11 ಯಂತ್ರದ ಲೆಕ್ಕ ಕೊಟ್ಟಿದ್ದಾರೆ. ಮೆಮೊರಿ 144 ಕಿಲೋಬೈಟ್. 1 ಮೆಗಾಬೈಟಿನ ಒಂದು ಡಿಸ್ಕ್, ತಲಾ 2.5 ಮೆಗಾಬೈಟ್ ಹಿಡಿಸೋ ನಾಲ್ಕು ಡ್ರೈವ್, 40 ಮೆಗಾಬೈಟಿನ ಇನ್ನೊಂದು ದೊಡ್ಡದು. ಇವತ್ತು ನಿಮ್ಮ ಫೋನಲ್ಲಿ ತೆಗೆದ ಒಂದು ಫೋಟೋ ಆ 2.5 ಮೆಗಾಬೈಟಿನಲ್ಲಿ ಹಿಡಿಸೋದೇ ಕಷ್ಟ.

ಅದಕ್ಕೂ ಮುಂಚಿನ ದಿನಗಳಲ್ಲಿ ಪರಿಸ್ಥಿತಿ ಇನ್ನೂ ಇಕ್ಕಟ್ಟು. ಸಿಸ್ಟಮ್ಮಿನ ಪ್ರೋಗ್ರಾಮುಗಳು ಮೊದಲನೇ ಡಿಸ್ಕಿನ 'ಬಿನ್' ಅನ್ನೋ ಡೈರೆಕ್ಟರಿಯಲ್ಲಿ ಇರ್ತಿದ್ವು. ಬಳಕೆದಾರರ ಸ್ವಂತ ಫೈಲುಗಳಿಗೆ ಬೇರೆ ಡಿಸ್ಕ್. ಯೂಸರ್ ಅನ್ನೋದನ್ನೇ ಮೊಟಕು ಮಾಡಿ ಅದನ್ನ 'ಯುಎಸ್‌ಆರ್' ಅಂತ ಕರೆದ್ರು. ಸಿಸ್ಟಮ್ ಬೆಳೀತಾ ಬೆಳೀತಾ ಮೊದಲನೇ ಡಿಸ್ಕ್ ಸಾಲದೇ ಬಂತು. ಆಗ ಮಾಡಿದ್ದು ನಮ್ಮೂರಲ್ಲಿ ಯಾರಾದ್ರೂ ಮಾಡೋ ಕೆಲಸವೇ: ಕಣಜ ತುಂಬಿದ ವರ್ಷ ಮಿಕ್ಕ ರಾಗಿ ಮೂಟೆ ನಡುಮನೆಗೆ ಬರಲ್ವೇ, ಹಾಗೆ ಹೊಸ ಪ್ರೋಗ್ರಾಮುಗಳು ಬಳಕೆದಾರರ ಡಿಸ್ಕಿಗೆ ಬಂದ್ವು. ಅಲ್ಲೊಂದು ಎರಡನೇ 'ಬಿನ್' ಹುಟ್ಟಿಕೊಳ್ತು. ಮುಂದೆ ಬಳಕೆದಾರರ ಫೈಲುಗಳೇ ಬೇರೆ ಕಡೆ ಎತ್ತಂಗಡಿಯಾದ್ವು, ಇವತ್ತಿನ 'ಹೋಮ್' ಅದು. ಮನೆಯವರು ಖಾಲಿ ಮಾಡಿದ್ರು, ಮೂಟೆ ಉಳೀತು, ಬಾಗಿಲ ಮೇಲಿನ ಹೆಸರೂ ಉಳೀತು.

ನನಗೆ ಮಜಾ ಅನ್ಸೋದು ಇದರ ಮುಂದಿನ ಭಾಗ. ಡಿಸ್ಕ್‌ಗಳು ದೊಡ್ಡದಾದ್ವು, ಕಾರಣ ಹೋಯ್ತು, ಎರಡು ಬಿನ್ ಮಾತ್ರ ಹೋಗಲಿಲ್ಲ. ಹೊಸ ತಲೆಮಾರಿನವರು ಅದಕ್ಕೆ ಶಾಸ್ತ್ರ ಹುಡುಕಿದ್ರು: ಬೂಟ್ ಆಗೋಕೆ ತೀರಾ ಅಗತ್ಯವಾದವು ಮೊದಲನೇ ಬಿನ್ನಿನಲ್ಲಿ, ಮಿಕ್ಕಿದ್ದು ಎರಡನೇದರಲ್ಲಿ. ಯುಎಸ್‌ಆರ್ ಅಂದ್ರೆ 'ಯುನಿಕ್ಸ್ ಸಿಸ್ಟಮ್ ರಿಸೋರ್ಸಸ್' ಅಂತ ಅರ್ಥ ಹೇಳಿಕೊಟ್ಟವರೂ ಉಂಟು. ಕೊನೆಗೆ 2012ರಲ್ಲಿ ಫೆಡೋರಾ 17 ಈ ಎರಡನ್ನೂ ಒಂದು ಮಾಡ್ತು. ಡೆಬಿಯನ್ನಿನಲ್ಲಿ ಇದೇ ಕೆಲಸಕ್ಕೆ ವರ್ಷಗಟ್ಟಲೆ ಜಗಳ ನಡೆದು, 2023ರ ಡೆಬಿಯನ್ 12ರ ಹೊತ್ತಿಗೆ ಕಡ್ಡಾಯವಾಯ್ತು. ಜಾಗ ಇಲ್ಲ ಅಂತ ಮಾಡಿದ ಒಂದು ತಾತ್ಕಾಲಿಕ ಏರ್ಪಾಡನ್ನ ಬಿಚ್ಚೋಕೆ ಅರ್ಧ ಶತಮಾನ!

ಡಿಸ್ಕ್ ತುಂಬೇ ತುಂಬುತ್ತೆ ಅಂತ ಒಪ್ಪಿಕೊಂಡು ಮೊದಲೇ ಜಾಗ ತೆಗೆದಿಟ್ಟವರು ಬರ್ಕ್ಲಿಯವರು. 1983ರ 4.2 ಬಿಎಸ್‌ಡಿಯಲ್ಲಿ ಬಂದ ಕಿರ್ಕ್ ಮೆಕ್‌ಕುಸಿಕ್ ಮತ್ತು ಸಂಗಡಿಗರ ಫೈಲ್ ಸಿಸ್ಟಮ್ ಶೇ. 10ರಷ್ಟು ಜಾಗವನ್ನ ಸಾಮಾನ್ಯ ಬಳಕೆದಾರರಿಗೆ ಕೊಡ್ತಿರಲಿಲ್ಲ. ತೀರಾ ತುಂಬಿದ ಡಿಸ್ಕಿನಲ್ಲಿ ಒಂದು ಫೈಲಿನ ತುಂಡುಗಳನ್ನ ಅಕ್ಕಪಕ್ಕ ಇಡೋಕಾಗಲ್ಲ, ವೇಗ ಬಿದ್ದುಹೋಗುತ್ತೆ. ಜೊತೆಗೆ ಎಲ್ಲ ತುಂಬಿದ ಮೇಲೂ ಅಡ್ಮಿನ್ ಒಳಗೆ ಬಂದು ಕೈಯಾಡಿಸೋಕೆ ಒಂದಿಷ್ಟು ಜಾಗ ಇರುತ್ತೆ. ಲಿನಕ್ಸಿನ ಇಎಕ್ಸ್‌ಟಿ4ನಲ್ಲಿ ಇವತ್ತಿಗೂ ಶೇ. 5 ಹೀಗೆ ರೂಟ್ ಹೆಸರಲ್ಲಿ ಮೀಸಲು. 1 ಟೆರಾಬೈಟ್ ಡಿಸ್ಕ್ ಹಾಕಿ "ನನ್ನ 50 ಜಿಬಿ ಎಲ್ಲಿ ಹೋಯ್ತು" ಅಂತ ಕೇಳೋರಿಗೆ ಉತ್ತರ ಇಲ್ಲಿದೆ.

ಇನ್ನೊಂದು ವಿಷಯ. ತುಂಬಿದ್ದು ಯಾವುದು ಅನ್ನೋದೇ ಎಷ್ಟೋ ಸಲ ಗೊತ್ತಾಗಲ್ಲ. ಡಿಎಫ್ ತುಂಬಿದೆ ಅನ್ನುತ್ತೆ, ಡಿಯು ಕೂಡಿ ನೋಡಿದ್ರೆ ಅರ್ಧವೂ ಇಲ್ಲ. ಅಳಿಸಿದ ಫೈಲನ್ನ ಯಾವುದೋ ಪ್ರೋಗ್ರಾಮ್ ಇನ್ನೂ ಹಿಡಿದುಕೊಂಡು ಕೂತಿರುತ್ತೆ, ಅದು ಬಿಡೋವರೆಗೂ ಜಾಗ ವಾಪಸ್ ಬರಲ್ಲ. ಇಲ್ಲಾಂದ್ರೆ ಜಾಗ ಇರುತ್ತೆ, ಐನೋಡ್ ಮುಗಿದಿರುತ್ತೆ. ಅಂದ್ರೆ ಗೋದಾಮು ಖಾಲಿ, ಲೆಕ್ಕದ ಪುಸ್ತಕದಲ್ಲಿ ಹಾಳೆ ಇಲ್ಲ.

ಇಂಥದ್ದೇ ಒಂದು ಮಂಗಳ ಗ್ರಹದ ಮೇಲೆ ಆಯ್ತು. ನಾಸಾದ ಸ್ಪಿರಿಟ್ ರೋವರ್ ಅಲ್ಲಿ ಇಳಿದಿದ್ದು 2004ರ ಜನವರಿ ಮೊದಲ ವಾರ. 18ನೇ ಮಂಗಳ ದಿನ, ಜನವರಿ 21ರಂದು, ಇದ್ದಕ್ಕಿದ್ದಂತೆ ಸರಿಯಾದ ಉತ್ತರ ಬರೋದು ನಿಂತುಹೋಯ್ತು. ರೋವರಿನಲ್ಲಿ 256 ಮೆಗಾಬೈಟ್ ಫ್ಲಾಶ್, 128 ಮೆಗಾಬೈಟ್ ರ‍್ಯಾಮ್ ಇತ್ತು. ಫ್ಲಾಶ್ ತುಂಬಿರಲಿಲ್ಲ. ಆದ್ರೆ ಡಾಸ್ ಮಾದರಿಯ ಅದರ ಫೈಲ್ ಸಿಸ್ಟಮ್, ಎಲ್ಲ ಫೈಲುಗಳ ಪಟ್ಟಿಯನ್ನ ರ‍್ಯಾಮಿನಲ್ಲಿ ಇಟ್ಕೊಳ್ತಿತ್ತು. ಭೂಮಿಯಿಂದ ಮಂಗಳಕ್ಕೆ ಪ್ರಯಾಣ ಮಾಡಿದ ಏಳು ತಿಂಗಳ ಹಳೇ ಫೈಲುಗಳೆಲ್ಲ ಹಾಗೇ ಇದ್ವು. ಅದರ ಮೇಲೆ ಮಂಗಳದ ದಿನಗಳ ಫೈಲುಗಳು. ಫೈಲ್ ಅಳಿಸಿದ್ರೂ ಪಟ್ಟಿಯ ಗಾತ್ರ ಇಳೀತಿರಲಿಲ್ಲ. ಪಟ್ಟಿ ಬೆಳೆದು, ಅದಕ್ಕೆ ಅಂತ ಕೊಟ್ಟ ರ‍್ಯಾಮ್ ಸಾಲದೇ ಹೋಯ್ತು.

ಮುಂದೆ ಆಗಿದ್ದು ಪೂರಾ ಫಜೀತಿ. ರ‍್ಯಾಮ್ ಸಾಲದೆ ಕಂಪ್ಯೂಟರ್ ರೀಬೂಟ್. ಬೂಟ್ ಆಗುವಾಗ ಮತ್ತೆ ಫ್ಲಾಶ್ ಓದಬೇಕು, ಓದೋಕೆ ರ‍್ಯಾಮ್ ಸಾಲದು, ಮತ್ತೆ ರೀಬೂಟ್. ಹೀಗೆ 60ಕ್ಕೂ ಹೆಚ್ಚು ಸಲ. ರಾತ್ರಿ ಮಲಗಬೇಕಾದ ರೋವರ್ ಮಲಗಲೇ ಇಲ್ಲ, ಬಿಸಿಲು ನಂಬಿಕೊಂಡ ಬ್ಯಾಟರಿ ಬರಿದಾಗ್ತಾ ಬಂತು. ಅದೇ ವಾರದಲ್ಲಿ ಅದೇ ಸಾಫ್ಟ್‌ವೇರ್ ಹೊತ್ತ ಅವಳಿ ರೋವರ್ ಆಪರ್ಚುನಿಟಿ ಇಳಿಯೋದರಲ್ಲಿತ್ತು.

ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ಹಳೇ ಫೈಲು ಅಳಿಸಬೇಕು ಅಂತ ಆ ತಂಡಕ್ಕೆ ಮೊದಲೇ ಗೊತ್ತಿತ್ತು. ಅದಕ್ಕೊಂದು ಪ್ರೋಗ್ರಾಮನ್ನ ಎರಡು ಭಾಗ ಮಾಡಿ 15ನೇ ದಿನ ಕಳಿಸಿದ್ರು. ಒಂದೇ ಭಾಗ ತಲುಪಿತು. ಇನ್ನೊಂದನ್ನ ಮತ್ತೆ ಕಳಿಸೋದು 19ನೇ ದಿನ ಅಂತ ನಿಗದಿಯಾಗಿತ್ತು. ರೋವರ್ ಕೈಕೊಟ್ಟಿದ್ದು 18ನೇ ದಿನ.

ಉಳಿಸಿದ್ದು ಒಂದು ಕಿಂಡಿ. ಫ್ಲಾಶ್ ಮುಟ್ಟದೇನೇ, ಬರೀ ರ‍್ಯಾಮ್ ನೆಚ್ಚಿಕೊಂಡು ಬೂಟ್ ಆಗು ಅಂತ ಹೇಳೋ ಒಂದು ಆದೇಶವನ್ನ ವಿನ್ಯಾಸ ಮಾಡಿದವರು ಇಟ್ಟಿದ್ರು. ಅದನ್ನ ಕಳಿಸಿದ ಮೇಲೆ ರೋವರ್ ಸಮಾಧಾನವಾಗಿ ಎದ್ದು ಮಾತಾಡ್ತು. ಹಳೇ ಫೈಲು ಅಳಿಸಿ, ಫೆಬ್ರವರಿ ಮೊದಲ ವಾರ ಫ್ಲಾಶನ್ನೇ ಫಾರ್ಮ್ಯಾಟ್ ಮಾಡಿದ್ರು. 90 ದಿನಕ್ಕೆ ಅಂತ ಕಳಿಸಿದ ಸ್ಪಿರಿಟ್ 2010ರ ಮಾರ್ಚ್‌ವರೆಗೂ ಮಾತಾಡ್ತಾ ಇತ್ತು.

ಇದೆಲ್ಲ ಹಳೇ ಕಾಲ, ಈಗ ಸ್ಟೋರೇಜ್ ಅಗ್ಗ ಅಂತೀರಾ? 2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೊಟಾದ ಹದಿನಾಲ್ಕೂ ಕಾರ್ಖಾನೆ ನಿಂತ್ವು, ಒಟ್ಟು 28 ಲೈನ್. ಸೈಬರ್ ದಾಳಿ ಇರಬೇಕು ಅಂತ ಗುಮಾನಿ ಎದ್ದಿತ್ತು. ವಾರದ ಮೇಲೆ ಕಂಪನಿಯೇ ಕಾರಣ ಹೇಳ್ತು: ಎರಡು ದಿನ ಮುಂಚೆ ನಿರ್ವಹಣೆ ಕೆಲಸ ನಡೆದಿತ್ತು, ಡೇಟಾಬೇಸಿನಲ್ಲಿ ಸೇರಿಕೊಂಡಿದ್ದ ಡೇಟಾ ಅಳಿಸಿ ಜೋಡಿಸೋವಾಗ ಡಿಸ್ಕ್ ಜಾಗ ಸಾಲಲಿಲ್ಲ. ಅಟ್ಟ ಗುಡಿಸೋ ಮುಂಚೆ ಸಾಮಾನೆಲ್ಲ ಅಂಗಳಕ್ಕೆ ಇಳಿಸಬೇಕಲ್ಲ, ಅಂಗಳವೇ ತುಂಬಿದ್ರೆ? ಬ್ಯಾಕಪ್ ಸರ್ವರ್ ಕೂಡ ಅದೇ ವ್ಯವಸ್ಥೆಯದ್ದಾಗಿದ್ದರಿಂದ ಅದಕ್ಕೂ ಅದೇ ಗತಿಯಾಯ್ತು. ಬಿಡಿಭಾಗಗಳನ್ನ ಗೋದಾಮಿನಲ್ಲಿ ರಾಶಿ ಹಾಕದೆ, ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸೋದಕ್ಕೆ ಜಗತ್ತಿಗೇ ಹೆಸರಾದ ಕಂಪನಿ ಅದು. ನಿಂತಿದ್ದು ಆ ಬಿಡಿಭಾಗಗಳಿಗೆ ಆರ್ಡರ್ ಹಾಕೋ ಸಿಸ್ಟಮ್ಮೇ. ದೊಡ್ಡ ಸರ್ವರ್ ಒಂದಕ್ಕೆ ಡೇಟಾ ಸಾಗಿಸಿದ ಮೇಲೆ, ಮಾರನೇ ದಿನ ಲೈನುಗಳು ಮತ್ತೆ ಓಡಿದ್ವು.